ಉಳಿದ ಹೊಗೆ

"ಭಟ್ಟಿ ಹಚ್ಚೂದಿಲ್ಲ ಅಂದ್ರ ಹಚ್ಚೂದಿಲ್ಲ. ಹೆಂಚು ಮಣ್ಣಾಗಿ ಹೋಗಲಿ!"

ಖಾನಾಪುರದ ತನ್ನ ಹೆಂಚಿನ ಭಟ್ಟಿಯ ಬಾಯಿಗೆ ಅಡ್ಡಲಾಗಿ ಲಕ್ಷ್ಮಪ್ಪ ಕುಳಿತುಬಿಟ್ಟಿದ್ದ. ಒಳಗೆ ಹಸಿ ಹೆಂಚು ಪೇರಿಸಿ ಆಗಿತ್ತು. ಎದುರಿಗೆ ಬೆಳಗಾವಿಯ ಕಾಲೇಜಿನಲ್ಲಿ ಸಂಶೋಧನೆ ಮಾಡುವ ಸುಹಾಸಿನಿ. ಅವಳ ಬೆನ್ನ ಹಿಂದೆ ಆಳೆತ್ತರದ ಮೂರು ಗಾಜಿನ ಕೊಳವೆಗಳು, ಒಳಗೆಲ್ಲ ಹಸಿರು ಪಾಚಿಯ ನೀರು. ಚಿಮಣಿಯಿಂದ ಒಂದು ಸಣ್ಣ ಪೈಪು ಇಳಿದು ಅವುಗಳ ತಳ ಸೇರಿತ್ತು.

"ಕಾಕಾ, ನಾಳೆ ಈ ಕೆಲಸಕ್ಕ ರೊಕ್ಕ ಕೊಡೂ ದೊಡ್ಡವರು ನೋಡಾಕ ಬರ್ತಾರ್ರಿ. ಹೊಗಿ ಇಲ್ಲಂದ್ರ ಪಾಚಿ ಬೆಳ್ಯೂದಿಲ್ಲ. ಈ ಕೆಲಸ ಇಲ್ಲಿಗೇ ಸಾಕು ಅಂತಾರ."

"ನಿನ್ನ ಪಾಚಿ ನೋಡಾಕ ಬರ್ತಾರ. ನನ್ನ ಹೇಣ್ತಿ ಎದಿ ನೋಡಾಕ ಯಾರ ಬರ್ತಾರ? ಇನ್ನ ಹೊಗಿ ಕುಡದ್ರ ಉಳ್ಯಾಂಗಿಲ್ಲ ಅಂದಾನ ಡಾಕ್ಟರ್!"

ಭಟ್ಟಿಗೆ ಅಂಟಿಕೊಂಡೇ ಇದ್ದ ಮನೆಯ ಬಾಗಿಲಿಗೆ ಅವನ ಹೆಂಡತಿ ಸಾತವ್ವ ಬಂದಳು.

"ಹಚ್ರಿ. ಇಷ್ಟ ವರ್ಷ ಈ ಹೊಗಿಗೆ ಊರ ಮಂದಿ ಎಲ್ಲಾ ಬೈದಾರ. ಬೇಕು ಅಂತ ಬಂದಾಕಿ ಇಕಿ ಒಬ್ಬಾಕಿ. ಪಾಚಿ ಹೊಗಿ ಕುಡದ ಎಣ್ಣಿ ಆಗ್ತೈತಂತ, ಆ ಎಣ್ಣಿಲೆ ಬಸ್ ಓಡ್ತೈತಂತ. ಅದೇ ಕುಡದ ಮ್ಯಾಲ ನನ್ನ ಎದೀಗೆ ಯಾಕ ಬರ್ತೈತಿ?"

ಸುಹಾಸಿನಿ ಏನೋ ಹೇಳಲು ಬಾಯಿ ತೆರೆದಳು. ತಿರುಗಿ ಕೊಳವೆಗಳನ್ನು ನೋಡಿದಳು.

"ಶಾಣ್ಯಾಕಿ ಭಾಳ ಆಗೀಯಲಾ!" ಲಕ್ಷ್ಮಪ್ಪ ಬೈಯುತ್ತಲೇ ಎದ್ದ. "ಕೇಳ್ರಿ ಮ್ಯಾಡಂ, ಒಮ್ಮಿ ಹಚ್ಚಿದ್ರ ಹೆಂಚು ಬೇಯೂತನಕಾ ಆರಸಾಕ ಬರೂದಿಲ್ಲ. ನಡುವ ಆರಿಸಿದ್ರ ಎಲ್ಲಾ ಸೀಳತಾವ." ಕಡ್ಡಿ ಗೀರಿದ.

ಬೆಂಕಿ ಹಿಡಿಯಿತು. ಸುಹಾಸಿನಿ ಮಾಸ್ಕ್ ಏರಿಸಿಕೊಂಡು ಪೈಪಿನ ತಿರುಪು ಬಿಟ್ಟಳು. ಹಸಿರು ನೀರಿನಲ್ಲಿ ಗುಳುಗುಳು ಗುಳ್ಳೆ ಎದ್ದವು. ಕೂಸು ಹಾಲು ಕುಡಿಯುವುದನ್ನು ನೋಡುವಂತೆ ಸಾತವ್ವ ನೋಡುತ್ತ ನಿಂತಳು.

"ಖರೇನ ಕುಡೀತೈತಲ್ಲ! ಅಷ್ಟೂ ಕುಡೀತೈತಿ, ಹೌದಿಲ್ಲ ತಂಗಿ?"

ಈಗ ಸುಮ್ಮನಿರಲು ಸುಹಾಸಿನಿಗೆ ಆಗಲಿಲ್ಲ. "ಇಲ್ರಿ ಕಾಕು. ಕೊಳವಿ ಸಣ್ಣವು. ನೂರು ಪಾಲಿನಾಗ ಒಂದು ಪಾಲು ಕುಡದೀತು."

ಸಾತವ್ವ ತಲೆಯೆತ್ತಿ ಚಿಮಣಿ ನೋಡಿದಳು. ಗಾಳಿ ಇರಲಿಲ್ಲ. ಹೊಗೆ ಮನೆಯ ಮಾಡಿನ ಮೇಲೆ ಒರಗಿ ಮೆಲ್ಲಗೆ ಅಂಗಳಕ್ಕೆ ಇಳಿಯುತ್ತಿತ್ತು. ಅವಳು ಸೆರಗನ್ನು ಮೂಗಿಗೆ ಒತ್ತಿಕೊಂಡು ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಹುಡುಗಿಯ ಬೆನ್ನು ಸವರಿದಳು.

"ಇರಲಿ ಬಿಡವ್ವಾ. ಉಳಿದದ್ದು ನಾ ಕುಡೀತೇನಿ."