ಕೋಳಿಯಂಗಡಿಯ ಮೊಳೆಯಲ್ಲಿ ಜನಿವಾರ

ಡಿಟೆಕ್ಟಿವ್ ಮಾನಸಿ ಟೀಪಾಯಿಯ ಮೇಲೆ ಜನಿವಾರವೊಂದನ್ನು ಇಟ್ಟಳು. "ಸಾನಪಾಡಾದ ಕೋಳಿಯಂಗಡಿ ಹಿಂದೆ ಮೊಳೆಗೆ ನೇತಾಡ್ತಿತ್ತು, ಅಂಕಲ್. ಹುಣ್ಣಿಮೆಗೆ ಅಲ್ಲಿ ಗೂಡು ಮುರಿದ ತೋಳ ಇದನ್ನು ಮೊದಲೇ ತೆಗೆದಿಟ್ಟಿದೆ. ಹೋಗುವಾಗ ಮರೆತಿದೆ."

ನೆರೂಳದ ಶುದ್ಧ ಸಸ್ಯಾಹಾರಿ ಹೋಟೆಲಿನ ಮಾಲೀಕ ಹಯಗ್ರೀವರಾಯರ ಕೈ ತಾನಾಗಿ ಎಡಹೆಗಲಿಗೆ ಹೋಯಿತು. ಬನಿಯನ್ನಿನ ಕೆಳಗೆ ಬರಿಮೈ. ಅಡುಗೆಮನೆಯಲ್ಲಿ ಹೆಂಡತಿ ಪ್ರಭಾ ಕಾಫಿ ಬೆರೆಸುತ್ತಿದ್ದಳು.

"ಅದನ್ನು ಹಾಕ್ಕೊಂಡು ಮಾಂಸ ತಿನ್ನುವುದು ಹೇಗೆ?" ಅವರು ಅಡುಗೆಮನೆಯತ್ತ ನೋಡಿ ದನಿ ತಗ್ಗಿಸಿದರು. "ನಾನು ತೋಳ ಆಗ್ತೇನೆ ಅಂತ ಸೊಸೈಟಿಗೆಲ್ಲ ಹೇಳು ಮಾರಾಯ್ತಿ. ಕೋಳಿ ತಿಂದದ್ದು ಮಾತ್ರ ಅವಳಿಗೆ ಗೊತ್ತಾಗುವುದು ಬೇಡ."

ಬಾಗಿಲಲ್ಲಿ ಪ್ರಭಾ ನಿಂತಿದ್ದಳು. ಒಂದು ಕೈಯಲ್ಲಿ ಕಾಫಿ, ಇನ್ನೊಂದರಲ್ಲಿ ಹೊಸ ಜನಿವಾರ.

"ಹಾಕ್ಕೊಳ್ಳಿ. ಪ್ರತಿ ಹುಣ್ಣಿಮೆಯ ಮರುದಿನ ನಿಮ್ಮ ದಿಂಬಿನಿಂದ ಪುಕ್ಕ ಹೆಕ್ಕುವುದು ನಾನಲ್ವಾ?"

ಹಯಗ್ರೀವರಾಯರಿಗೆ ಅದನ್ನು ಮುಟ್ಟಲು ಕೈ ಏಳಲಿಲ್ಲ.