ಮದುವೆಯಾದವರ ಟೆಸ್ಟ್

"ಇದಕ್ಕೆ ಮುಂಚೆ ಗರ್ಭಕಂಠದ ಪ್ಯಾಪ್ ಟೆಸ್ಟ್ ಯಾವಾಗ ಮಾಡಿಸಿದ್ದಿರಿ?" ಎಂದು ಡಾಕ್ಟರ್ ಐರಿನ್ ಕೇಳಿದರು. ಲೋಲಾಕ್ಷಿ ತನ್ನ ಕೈಬೆರಳುಗಳನ್ನು ನೋಡುತ್ತ, "ಮಾಡಿಸಿಯೇ ಇಲ್ಲ" ಎಂದಳು. ಬಯಾಪ್ಸಿ ರಿಪೋರ್ಟು ಮೇಜಿನ ಮೇಲೆ ತೆರೆದುಕೊಂಡಿತ್ತು. ಗರ್ಭಕಂಠದ ಕ್ಯಾನ್ಸರ್, ಮೂರನೇ ಹಂತ. ದುಬೈಯ ಊದ್ ಮೇಥಾದ ಆ ಕ್ಲಿನಿಕ್ಕಿನ ಪುಟ್ಟ ಕೋಣೆಯಲ್ಲಿ ಎಸಿಯ ಗಾಳಿ ಪಕ್ಕದಲ್ಲಿ ಕೂತಿದ್ದ ಸುಮೀನಾಳ ಕುತ್ತಿಗೆಗೇ ನೇರ ಬಡಿಯುತ್ತಿತ್ತು. ಕುರ್ಚಿಯನ್ನು ಒಂದು ಗೇಣು ಆಚೆ ಸರಿಸುವಷ್ಟು ತ್ರಾಣವೂ ಅವಳಿಗಿರಲಿಲ್ಲ. ಮೂರು ವಾರದಿಂದ ಒಂದು ಲ್ಯಾಬಿನಿಂದ ಇನ್ನೊಂದು ಲ್ಯಾಬಿಗೆ ಅಲೆದು ಇಬ್ಬರೂ ಸೋತಿದ್ದರು.

"ಐವತ್ತೊಂದು ವರ್ಷಕ್ಕೆ ಒಮ್ಮೆಯೂ ಇಲ್ಲವಾ? ಯಾಕೆ?"

ಡಾಕ್ಟರ್ ಮಂಗಳೂರಿನವರು. ದುಬೈಯಲ್ಲಿ ಊರಿನ ಡಾಕ್ಟರ್ ಸಿಕ್ಕಿದರೆ ಉಳಿದವರಿಗೆ ನೆಮ್ಮದಿ, ಇವರಿಬ್ಬರಿಗೆ ದಿಗಿಲು. ಮನೆ ಎಲ್ಲಿ, ಯಾರ ಪೈಕಿ ಎಂದು ಶುರುವಾದ ಮಾತು ಎಲ್ಲಿಗೆ ಹೋಗಿ ನಿಲ್ಲುತ್ತದೋ ಹೇಳಲಾಗದು.

"ಎಂಟು ವರ್ಷದ ಹಿಂದೆ ಬೇರೆ ಕಡೆ ಹೋಗಿದ್ದೆ," ಲೋಲಾಕ್ಷಿ ಹೇಳಿದಳು. "ಮದುವೆ ಆಗಿದೆಯಾ ಅಂತ ಕೇಳಿದರು. ಇಲ್ಲ ಅಂದೆ. ಹಾಗಾದರೆ ನಿಮಗೆ ಇದೆಲ್ಲ ಬೇಡ ಅಂದರು."

"ಮತ್ತೆ?"

"ಮತ್ತೆ ಎಂತ? ಬೇಡ ಅಂದಮೇಲೆ ಎದ್ದು ಬಂದೆ."

ಆ ದಿನ ಸುಮೀನಾಳಿಗೆ ಚೆನ್ನಾಗಿ ನೆನಪಿತ್ತು. ಶಾಲೆಯ ಲೈಬ್ರರಿ ಕೆಲಸಕ್ಕೆ ರಜೆ ಹಾಕಿ ಹೋಗಿದ್ದ ಲೋಲಾಕ್ಷಿ ಮಧ್ಯಾಹ್ನಕ್ಕೇ ನೈಫ್ ಪೇಟೆಯ ಬುರ್ಖಾ-ಅಬಾಯ ಅಂಗಡಿಗೆ ಬಂದು, "ಬಚಾವಾದೆ ಮಾರಾಯ್ತಿ, ನಾವು ಲೆಕ್ಕಕ್ಕೇ ಇಲ್ಲವಂತೆ" ಎಂದಿದ್ದಳು. ಅಂಗಡಿ ನೋಡಿಕೊಳ್ಳುತ್ತಿದ್ದ ಸುಮೀನಾಳೂ ನಕ್ಕಿದ್ದಳು. ಮದುವೆ ಆಗಿಲ್ಲ, ಆದರೂ ಮಾಡಿ ಎಂದು ಪಟ್ಟು ಹಿಡಿದರೆ ಯಾಕೆ ಎಂದು ಕೇಳುತ್ತಾರೆ. ಆ 'ಯಾಕೆ'ಗೆ ಇಲ್ಲಿ ಬಾಯಿಬಿಟ್ಟರೆ ಕೆಲಸ, ವೀಸಾ ಎಲ್ಲ ಖಲಾಸ್. ಊರಿನಲ್ಲಿ ಬಾಯಿಬಿಟ್ಟರೆ ಹೆತ್ತವರ ಮನೆಯ ಬಾಗಿಲೇ ಮುಚ್ಚೀತು. ಹಾಗಾಗಿ ಸೊಂಟನೋವಿಗೆ ಪನಡಾಲ್ ಮಾತ್ರೆ ಆಯಿತು, ಹೊತ್ತಿಲ್ಲದ ಹೊತ್ತಿನಲ್ಲಿ ರಕ್ತ ಹೋದರೆ ಮುಟ್ಟು ನಿಲ್ಲುವ ಕಾಲದ ಉಪದ್ರವೆಂಬ ಸಮಾಧಾನವಾಯಿತು.

ಡಾಕ್ಟರ್ ಪೆನ್ನು ಕೆಳಗಿಟ್ಟರು. ಸುಮೀನಾ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ ಲೋಲಾಕ್ಷಿಯ ಕೈಗೆ ಕೊಟ್ಟದ್ದನ್ನು ಗಮನಿಸಿ, "ಇವರು?" ಎಂದರು.

"ರೂಮ್‌ಮೇಟ್," ಇಬ್ಬರೂ ಒಟ್ಟಿಗೇ ಹೇಳಿದರು.

"ಎಷ್ಟು ಸಮಯದಿಂದ?"

"ಹದಿನಾಲ್ಕು ವರ್ಷ ಆಯಿತು."

ಡಾಕ್ಟರ್ ಕಂಪ್ಯೂಟರ್ ಕಡೆ ತಿರುಗಿಕೊಂಡು, "ಈ ಕ್ಯಾನ್ಸರ್ ತರುವ ವೈರಸ್ಸಿಗೆ ಮದುವೆ ಗಿದುವೆ ಗೊತ್ತಿಲ್ಲ. ಗಂಡಸರಿಂದಲೇ ಬರಬೇಕೆಂದೂ ಇಲ್ಲ. ಆಗಲೇ ಸಿಕ್ಕಿದ್ದರೆ ಅರ್ಧ ಗಂಟೆಯ ಕೆಲಸ ಇತ್ತೋ ಏನೋ. ಈಗ ರೇಡಿಯೇಷನ್, ಕೀಮೋ ಎರಡೂ ಬೇಕು. ಎಷ್ಟು ಗುಣ ಕಂಡೀತೆಂದು ಇವತ್ತೇ ಹೇಳಲಿಕ್ಕೆ ಬರುವುದಿಲ್ಲ" ಎಂದರು. ಟೈಪ್ ಮಾಡುವುದನ್ನು ನಿಲ್ಲಿಸದೆಯೇ, "ನಿಮ್ಮ ಹೆಸರೇನು?" ಎಂದರು.

"ಸುಮೀನಾ."

"ಸುಮೀನಾ, ನೀವೂ ಮಾಡಿಸಿಕೊಳ್ಳಿ. ಈ ವಾರವೇ."

ಇವರಿಗೆ ಗೊತ್ತಾಯಿತು ಎಂದು ಸುಮೀನಾ ಅಂದುಕೊಂಡಳು. ಆದರೆ ಡಾಕ್ಟರ್ ಮುಂದೆ ಏನನ್ನೂ ಕೇಳಲಿಲ್ಲ. ಮನೆ ಎಲ್ಲಿ ಎಂದೂ ಕೇಳಲಿಲ್ಲ.

ಹೊರಗೆ ಬಂದು ಕಾರಿಡಾರಿನ ಕುರ್ಚಿಯಲ್ಲಿ ಕೂತಮೇಲೆ ಲೋಲಾಕ್ಷಿ ಹೇಳಿದಳು. "ಗುಣಪಾಲಣ್ಣ ಉಡುಪಿಗೆ ಬಾ ಅನ್ನುತ್ತಾನೆ. ಅಲ್ಲಿಯೂ ದೊಡ್ಡ ಆಸ್ಪತ್ರೆ ಉಂಟು, ಅತ್ತಿಗೆ ನೋಡಿಕೊಳ್ಳುತ್ತಾಳೆ ಅಂತ."

"ಹೋಗುತ್ತೀಯಾ?"

"ಹೋದರೆ ನೀನು ಬಂದು ಎಷ್ಟು ದಿನ ಕೂರಬಹುದು ಹೇಳು. ಎರಡು ದಿನ ಚಾ ಕೊಡುತ್ತಾರೆ. ಮೂರನೇ ದಿನ, ಈ ಬ್ಯಾರಿ ಹೆಂಗಸಿಗೆ ಮನೆ ಮಠ ಇಲ್ಲವಾ ಅನ್ನುತ್ತಾರೆ." ಅವಳು ತಲೆಯನ್ನು ಗೋಡೆಗೆ ಒರಗಿಸಿದಳು. "ಇಲ್ಲೇ ಆಗಲಿ. ಆಗುವಷ್ಟು ದಿನ."

ಸುಮೀನಾ ಎದ್ದು ಕೌಂಟರಿಗೆ ಹೋಗಿ, ತನಗೂ ಒಂದು ಅಪಾಯಿಂಟ್‌ಮೆಂಟ್ ಬೇಕು ಎಂದಳು. ಕೌಂಟರಿನ ಹುಡುಗಿ ತಲೆ ಎತ್ತದೆಯೇ ಹೆಸರು ಬರೆದುಕೊಂಡು, "ಮ್ಯಾರೀಡ್ ಆರ್ ಸಿಂಗಲ್, ಮ್ಯಾಡಮ್?" ಎಂದು ಕೇಳಿದಳು.

ಸಿಂಗಲ್ ಎಂದರೆ ನಿಮಗೆ ಬೇಡ ಅನ್ನುತ್ತಾರೆ. ಆ 'ಬೇಡ' ಲೋಲಾಕ್ಷಿಯನ್ನು ಎಲ್ಲಿಗೆ ತಂದು ನಿಲ್ಲಿಸಿತೆಂದು ಈಗಷ್ಟೇ ನೋಡಿ ಬಂದಿದ್ದಳು. ಸುಮೀನಾ ಹಿಂತಿರುಗಿ ನೋಡಿದಳು. ಲೋಲಾಕ್ಷಿ ಕಣ್ಣು ಮುಚ್ಚಿ ಕೂತಿದ್ದಳು, ಬಾಯಿ ಸ್ವಲ್ಪ ತೆರೆದಿತ್ತು.

"ಮ್ಯಾರೀಡ್."

"ಹಸ್ಬೆಂಡ್ ಮೊಬೈಲ್ ನಂಬರ್?"

ಸುಮೀನಾಳಿಗೆ ಬಾಯಿಪಾಠ ಇದ್ದದ್ದು ಒಂದೇ ನಂಬರ್. ಅದನ್ನೇ ನಿಧಾನವಾಗಿ, ಒಂದೊಂದೇ ಅಂಕಿ ಬಿಡಿಸಿ ಹೇಳಿದಳು.

ತಿರುಗಿ ಬಂದು ಕೂರುವಷ್ಟರಲ್ಲಿ ಲೋಲಾಕ್ಷಿಯ ಕೈಚೀಲದೊಳಗೆ ಮೊಬೈಲ್ ಸದ್ದು ಮಾಡಿತು. ಅವಳು ಕಣ್ಣು ತೆರೆದು, ಮೊಬೈಲನ್ನು ತೋಳುದ್ದ ದೂರ ಹಿಡಿದು ಓದಿದಳು. ಡಿಯರ್ ಸರ್, ನಿಮ್ಮ ಪತ್ನಿ ಸುಮೀನಾ ಅವರ ತಪಾಸಣೆ ಗುರುವಾರ ಬೆಳಗ್ಗೆ ಹತ್ತು ಗಂಟೆಗೆ ಎಂದು ಇಂಗ್ಲಿಷಿನಲ್ಲಿತ್ತು.

ಲೋಲಾಕ್ಷಿ ಅದನ್ನು ಇನ್ನೊಮ್ಮೆ ಓದಿದಳು. ಸುಮೀನಾಳ ಮುಖ ನೋಡಿದಳು. ಆಮೇಲೆ, ಶಾಲೆಯಲ್ಲಿ ಯಾರ ಕಣ್ಣಿಗಾದರೂ ಬಿದ್ದೀತೆಂದು, ಹೆಬ್ಬೆರಳಿನಿಂದ ಒತ್ತಿ ಅಳಿಸಿಬಿಟ್ಟಳು.

"ಗುರುವಾರ ಹತ್ತು ಗಂಟೆ," ಎಂದಳು. "ನನಗೆ ನೆನಪಿರುತ್ತದೆ."