ಬಾರುಕೋಲು ಕಚ್ಚಿದ ಎತ್ತು

ಬಿಸಿ ಬೆಲ್ಲದ ವಾಸನೆ ಬಂದಾಗಲೆಲ್ಲ ನಾನು ಫಾತಿಮಾ ಅಜ್ಜಿಯನ್ನು ನೆನೆದು ಕೈ ಮುಗಿಯುತ್ತೇನೆ.

ನಮ್ಮ ಕಬ್ಬಿನ ಗಾಣದಲ್ಲಿ ಮೊದಲ ಬೆಲ್ಲದ ಉಂಡೆ ಎತ್ತುಗಳಿಗೆ ಸಲ್ಲುತ್ತಿತ್ತು. ಊರ ಧಣಿಗಳಾದ ಇನಾಮದಾರರನ್ನು ಎದುರಿಸಿ ಊರಿಗೆ ಧೈರ್ಯ ತಂದಿದ್ದ ನಮ್ಮ ಕಾಕಾ, ಪಂಚಾಯಿತಿ ಚೇರ್ಮನ್ನರಾಗಿ ಗೋಕಾಕದಿಂದ ಹಾರ ಹಾಕಿಸಿಕೊಂಡು ಬಂದ ಆ ಮಧ್ಯಾಹ್ನ, ಆ ಉಂಡೆಯನ್ನು ತಾವೇ ತೆಗೆದುಕೊಂಡರು.

ಒಲೆಗೆ ಕಬ್ಬಿನ ಒಣಗರಿಯ ರವದಿ ಹಾಕುತ್ತಿದ್ದ ಅಜ್ಜಿ, ಎಲ್ಲರಿಗೂ ಕೇಳುವಂತೆ ನನಗೊಂದು ಕತೆ ಹೇಳಿದಳು. “ಎತ್ತೆಲ್ಲಾ ಕೂಡಿ ಧಣಿನ ಓಡಿಸಿದ್ವು, ಮಗಳ. ಮುಂದ ನಿಂತ ಎತ್ತು ಅಂವ ಬಿಟ್ಟುಹೋದ ಬಾರುಕೋಲು ಮುರಿತೈತಿ ಅಂತ ಉಳದವು ಕಾದ್ವು. ಅದು ಮುರೀಲಿಲ್ಲ, ಬಾಯಾಗ ಕಚ್ಚಿ ಹಿಡೀತು.”

“ಆಮ್ಯಾಲ?” ಎಂದೆ.

“ಆಮ್ಯಾಲ ಏನು? ಗಾಣ ಮೊದಲಿನಂಗ ತಿರಗಾಕತ್ತೈತಿ.”

ಕಾಕಾ ಎದ್ದು ಹೋಗಿ ಉಂಡೆಯನ್ನು ಎತ್ತಿನ ಬಾಯಿಗಿಟ್ಟರು. ಅದು ಅವರ ಅಂಗೈಯನ್ನೂ ನೆಕ್ಕಿತು.

“ಮುಗೀತೇನಬೇ ನಿನ್ನ ಕತಿ?” ಎಂದರು ಕಾಕಾ.

“ಈಗ ಮುಗೀತಪಾ,” ಎಂದಳು ಅಜ್ಜಿ.